ನಾಲ್ಕು ತಾಲ್ಲೂಕಿಗೆ ಒಂದು ಅರ್ಜಿ

(ಸಂಘದ ಬೆಳ್ಳಿಹಬ್ಬದ ಸರ್ವ ಸದಸ್ಯರ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸಂಘದ ಪ್ರಗತಿಯ ಬಗ್ಗೆ ನಾಲ್ಕು ಮಾತಾಡಬೇಕೆಂದು ಹಿರಿಯರ ಅಪ್ಪಣೆಯಾಗಿತ್ತು. ಪ್ರಗತಿಯ ಲೆಕ್ಕವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿದೆ, ಇದೇ ಸಂಚಿಕೆಯಲ್ಲಿ ಅಚ್ಚಾಗಿದೆ, ಬಿಡುವಾದಾಗ ಓದಿಕೊಳ್ಳಿ. ನಾವು ಹೇಳಬೇಕೆಂದಿರುವುದು ಒಂದು ರಟ್ಟಿನ ಪೆಟ್ಟಿಗೆಯ ವಿಚಾರ.

ಹಬ್ಬಕ್ಕೆಂದು ಕಚೇರಿಗೆ ಸುಣ್ಣ ಬಳಿಸುವಾಗ ಬೀರುವಿನ ಮೇಲಿದ್ದ ಆ ಪೆಟ್ಟಿಗೆಯನ್ನು ಇಳಿಸಿದೆವು. ಹಳೆಯ ಹಾಲಿನ ಚೀಟಿಗಳಿರಬೇಕು, ನೀರೊಲೆಗೆ ಹಾಕೋಣ ಅಂತ ತೆಗೆದರೆ ಒಳಗಿದ್ದದ್ದು ಅಷ್ಟೂ ಮನವಿ ಪತ್ರದ ನಕಲುಗಳು. ಇಷ್ಟು ವರ್ಷದಲ್ಲಿ ನಾವು ಶಾಸಕರಿಗೆ, ಸಂಸದರಿಗೆ, ಮಂತ್ರಿಗಳಿಗೆ, ಅಧಿಕಾರಿಗಳಿಗೆ ಕೊಟ್ಟವು. ಎಲ್ಲದರ ಮೂಲೆಯಲ್ಲೂ ಒಂದು ದುಂಡು ಮೊಹರು, ಒಂದು ಗೀಚು ಸಹಿ. ಅಲ್ಲಿಗೆ ಕಥೆ ಮುಗೀತು. ಉತ್ತರ ಬಂದದ್ದು ಬೆರಳೆಣಿಕೆಯಷ್ಟು. ಅದರಲ್ಲೂ ಹೆಚ್ಚಿನವು 'ಪರಿಶೀಲಿಸಲಾಗುವುದು' ಅಂತ.

ಕೂತು ಓದಿದೆವು. ಓದುತ್ತ ಓದುತ್ತ ನಮಗೇ ನಗು ಬಂತು, ಆಮೇಲೆ ನಾಚಿಕೆಯಾಯಿತು. ಒಂದು ಮನವಿಯಲ್ಲಿ ಏಳು ಬೇಡಿಕೆ. ಪಶುವೈದ್ಯರು ಬೇಕು, ರಸ್ತೆ ಬೇಕು, ಹಿಂಡಿ ದರ ಇಳಿಸಬೇಕು, ಹಾಲಿನ ದರ ಏರಿಸಬೇಕು, ಕೂಲರಿನ ಕರೆಂಟು ಬಿಲ್ಲು ಕಡಿಮೆ ಮಾಡಬೇಕು, ಬಸ್ಸು ಬಿಡಬೇಕು, ಏಳನೆಯದು ದೇವಸ್ಥಾನದ ಹತ್ತಿರ ಬೋರ್‌ವೆಲ್ಲು. ಇದನ್ನು ಓದಿದ ಮಂತ್ರಿ ಯಾವ ಇಲಾಖೆಗೆ ಕಳಿಸಬೇಕು? ಹಿಂದೊಮ್ಮೆ ಪ್ರವಾಸಿ ಮಂದಿರದಲ್ಲಿ ಒಬ್ಬ ದೊಡ್ಡವರಿಗೆ ಹಾರ ಹಾಕಿ ಮನವಿ ಕೊಟ್ಟಾಗ ನಾವು ಹಿಂಡಿ ಅಗ್ಗ ಮಾಡಿ ಅಂದೆವು. ನಮ್ಮ ಹಿಂದೆಯೇ ಸಾಲಿನಲ್ಲಿದ್ದ ಪಕ್ಕದೂರಿನವರು, ಹಿಂಡಿ ರಿಯಾಯಿತಿ ಬೇಡ, ಆ ದುಡ್ಡನ್ನು ಹಾಲಿನ ದರಕ್ಕೇ ಸೇರಿಸಿ ಅಂದರು. ಅವರು ಎರಡೂ ಕಾಗದ ಕೈಯಲ್ಲಿ ಹಿಡ್ಕೊಂಡು, "ಮೊದಲು ನೀವು ನೀವೇ ಒಂದು ತೀರ್ಮಾನ ಮಾಡ್ಕೊಂಡು ಬನ್ನಿ ಕಣ್ರಪ್ಪಾ" ಅಂದರು. ಆವತ್ತು ನಮಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಒಟ್ಟಾಗಿ ಕೇಳುವುದು ಒಂದು ವಿದ್ಯೆ, ಬಂಧುಗಳೇ. ದನಿ ದೊಡ್ಡದು ಮಾಡಿದರೆ ಬರುವ ವಿದ್ಯೆಯಲ್ಲ. ರಸ್ತೆಯಲ್ಲಿ ಕೂರುವುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1980ರಲ್ಲಿ ರೈತಸಂಘ ಹುಟ್ಟಿದಾಗಿಂದ ಹಸಿರು ಟವೆಲ್ಲು ಹಾಕಿಕೊಂಡವರ ಊರು ನಮ್ಮದು. ಪ್ರೊಫೆಸರ್ ನಂಜುಂಡಸ್ವಾಮಿಯವರ ಭಾಷಣ ಕೇಳಿದ ಕಿವಿಗಳು ಇಲ್ಲೂ ಇವೆ. ಕ್ಯಾತನಹಳ್ಳಿಯ ಪುಟ್ಟಣ್ಣಯ್ಯನವರು ನಮ್ಮ ನಡುವೆಯೇ ಓಡಾಡಿದವರು. ಆದರೆ ಕಾಗದ ಬರೆದು, ಲೆಕ್ಕ ಹಚ್ಚಿ, ಸರಿಯಾದ ತಿಂಗಳಲ್ಲಿ ಸರಿಯಾದ ಬಾಗಿಲು ತಟ್ಟುವುದನ್ನು ನಾವು ಕಲಿಯಲಿಲ್ಲ. ಅದನ್ನು ಕಲಿತವರು ಪೇಟೆಯ ವ್ಯಾಪಾರಸ್ಥರು.

ಇದರಿಂದ ನಮಗಾದ ನಷ್ಟ ಏನು ಅಂತ ಕೇಳುವವರಿಗೆ 2022ರ ಜುಲೈ 18ನೇ ತಾರೀಕನ್ನು ನೆನಪು ಮಾಡಿಕೊಡುತ್ತೇವೆ. ಆವತ್ತಿನಿಂದ, ಮೊದಲೇ ಪ್ಯಾಕ್ ಮಾಡಿ ಚೀಟಿ ಅಂಟಿಸಿ ಮಾರುವ ಮೊಸರು, ಮಜ್ಜಿಗೆ, ಲಸ್ಸಿಗೆ ಶೇಕಡ 5ರಷ್ಟು ಜಿಎಸ್‌ಟಿ ಬಿತ್ತು. ಅದೇ ದಿನ, ಅದೇ ಆದೇಶದಲ್ಲಿ ಪ್ಯಾಕ್ ಮಾಡಿದ ಅಕ್ಕಿಗೂ ಬಿತ್ತು, ಬೆಲ್ಲಕ್ಕೂ ಬಿತ್ತು. ನಮ್ಮ ಸೀಮೆಯ ಕಡೆ ನೋಡಿ. ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ಭತ್ತ, ಅದನ್ನು ನಂಬಿದ ಅಕ್ಕಿ ಗಿರಣಿ. ಕಬ್ಬಿನ ನಡುವೆ ಹೊಗೆಯಾಡುವ ಆಲೆಮನೆ. ಕೆ.ಆರ್. ಪೇಟೆ, ನಾಗಮಂಗಲದಲ್ಲಿ ತೆಂಗು, ರಾಗಿ, ಮತ್ತೆ ಹಟ್ಟಿಯಲ್ಲಿ ಎರಡು ಹಸು. ಒಂದೇ ಆದೇಶ ಈ ಮೂರು ಕಸುಬನ್ನೂ ಒಂದೇ ದಿನ ಮುಟ್ಟಿತು. ಅಕ್ಕಿ ವ್ಯಾಪಾರಿಗಳು ದೇಶದ ಹಲವು ಕಡೆ ವಹಿವಾಟು ನಿಲ್ಲಿಸಿ ಪ್ರತಿಭಟಿಸಿದರು. ಕೆಎಂಎಫ್ ಮೊಸರಿನ ದರ ಏರಿಸಿ, ಜನ ಗಲಾಟೆ ಮಾಡಿದ ಮೇಲೆ ಸ್ವಲ್ಪ ಇಳಿಸಿತು. ಬೆಲ್ಲದವರು ಮಂಡಿಯಲ್ಲಿ ಗೊಣಗಿಕೊಂಡರು. ನಾವು ಅರಳಿಕಟ್ಟೆಯಲ್ಲಿ ಗೊಣಗಿದೆವು. ಮೂವರೂ ಒಂದು ಜಾಗದಲ್ಲಿ ಕೂರಲಿಲ್ಲ.

ಇನ್ನೊಂದು ಮಾತಿದೆ, ಇದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಈ ತೀರ್ಮಾನವಾದದ್ದು ಜೂನ್ ಕೊನೆಯಲ್ಲಿ ಚಂಡೀಗಢದಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ. ಆದರೆ ಅದಕ್ಕೂ ಮುಂಚೆ ದರಗಳನ್ನು ಪರಿಶೀಲಿಸಿ ಶಿಫಾರಸು ಮಾಡಲು 2021ರ ಸೆಪ್ಟೆಂಬರಿನಲ್ಲೇ ಒಂದು ಮಂತ್ರಿಗಳ ಗುಂಪು ರಚನೆಯಾಗಿತ್ತು. ಅದರ ಮುಖ್ಯಸ್ಥರು ಯಾರು? ಆಗಿನ ನಮ್ಮ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು. ಅಂದರೆ ಒಂಬತ್ತು ತಿಂಗಳು ಆ ಬಾಗಿಲು ಬೆಂಗಳೂರಿನಲ್ಲೇ ಇತ್ತು. ಇಲ್ಲಿಂದ ಮೂರು ಗಂಟೆಯ ಬಸ್ ಪ್ರಯಾಣ. ಅಕ್ಕಿ, ಬೆಲ್ಲ, ಹಾಲು ಮೂರೂ ಕಸುಬಿನವರು ಒಂದೇ ಹಾಳೆಗೆ ಸಹಿ ಹಾಕಿ ಆ ಬಾಗಿಲಿಗೆ ಹೋಗಿದ್ದರೆ ತೆರಿಗೆ ನಿಲ್ಲುತ್ತಿತ್ತು ಅಂತ ನಾವು ಹೇಳುವುದಿಲ್ಲ. ರಾಜ್ಯಗಳೆಲ್ಲ ಒಪ್ಪಿಯೇ ಆದ ತೀರ್ಮಾನ ಅಂತ ಕೇಂದ್ರದ ಅರ್ಥಸಚಿವರು ಆಮೇಲೆ ವಿವರಣೆ ಕೊಟ್ಟರು. ಆದರೆ ನಮಗೆ ಆ ಗುಂಪು ಇದ್ದದ್ದೇ ಗೊತ್ತಿರಲಿಲ್ಲವಲ್ಲ! ಹಸು ಕರು ಹಾಕಿದ ಮೇಲೆ ಗರ್ಭಪರೀಕ್ಷೆಗೆ ಡಾಕ್ಟರನ್ನು ಕರೆದ ಹಾಗಾಯಿತು.

(ಆ ತೆರಿಗೆ 25 ಕಿಲೋವರೆಗಿನ ಚೀಲಕ್ಕೆ ಮಾತ್ರ ಅಂತ ಗೊತ್ತಾದ ಮೇಲೆ ಅಂಗಡಿಗಳಲ್ಲಿ 26 ಕಿಲೋ ಅಕ್ಕಿ ಚೀಲ ಕಾಣಿಸಿಕೊಂಡಿತು. ವ್ಯಾಪಾರಿಯ ಬುದ್ಧಿ ಅಂದರೆ ಅದು. ಮೊಸರಿನವರು 26 ಕಿಲೋ ಪ್ಯಾಕೆಟ್ಟು ಮಾಡೋಕಾಗ್ತದಾ?)

ಹಾಗಾದರೆ ಪೇಟೆಯವರು ಹೇಗೆ ಮಾಡುತ್ತಾರೆ ಅಂತ ನಾವು ಒಂದಿಷ್ಟು ವಿಚಾರಿಸಿದೆವು. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಒಕ್ಕೂಟ, ಅಂದರೆ ಎಫ್‌ಕೆಸಿಸಿಐ ಇದೆ. ಇದನ್ನು 1916ರಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಅಂತ ಹುಟ್ಟುಹಾಕಿದವರು ಬೇರೆ ಯಾರೂ ಅಲ್ಲ, ನಮಗೆ ಕನ್ನಂಬಾಡಿ ಕಟ್ಟೆ ಕೊಟ್ಟ ವಿಶ್ವೇಶ್ವರಯ್ಯನವರೇ, ಅವರು ದಿವಾನರಾಗಿದ್ದಾಗ. ಅವರ ಫೋಟೋಕ್ಕೆ ನಾವು ವರ್ಷಾವರ್ಷ ಹೂ ಹಾಕುತ್ತೇವೆ. ವ್ಯಾಪಾರಸ್ಥರು ಒಟ್ಟಾಗಿ ಸರ್ಕಾರದ ಜೊತೆ ಮಾತಾಡಬೇಕು, ಅದಕ್ಕೊಂದು ಸಂಸ್ಥೆ ಇರಬೇಕು ಅಂತ ಅವರಿಗೆ ಆಗಲೇ ಹೊಳೆದಿತ್ತು ಅನ್ನುವುದು ನಮಗೆ ಗೊತ್ತಿರಲಿಲ್ಲ.

ಆ ಒಕ್ಕೂಟದ ಕೆಲಸದ ರೀತಿ ಹೀಗೆ. ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು, ಒಂದೊಂದು ಕಸುಬಿನ ಸಂಘಗಳು ಅದರ ಸದಸ್ಯರು. ರಾಜ್ಯದ ಬಜೆಟ್ ಮಂಡನೆಗೆ ಬಹಳ ಮೊದಲೇ ಎಲ್ಲರಿಗೂ ಸುತ್ತೋಲೆ ಹೋಗುತ್ತದೆ, ನಿಮಗೇನು ಬೇಕು ಬರೆದು ಕಳಿಸಿ ಅಂತ. ಬಂದದ್ದನ್ನೆಲ್ಲ ಹಾಗೇ ಹೊಲಿದು ಕೊಡುವುದಿಲ್ಲ. ತೆರಿಗೆಗೆ ಒಂದು ಸಮಿತಿ, ವಿದ್ಯುತ್ತಿಗೆ ಒಂದು, ಎಪಿಎಂಸಿಗೆ ಒಂದು ಹೀಗೆ ವಿಷಯಕ್ಕೊಂದು ಸಮಿತಿ ಕೂತು ಜರಡಿ ಹಿಡಿಯುತ್ತದೆ. ಯಾವುದು ಎಲ್ಲರದು, ಯಾವುದು ಒಬ್ಬನದು, ಯಾವುದು ರಾಜ್ಯದ ಕೈಲಿದೆ, ಯಾವುದು ದೆಹಲಿಯ ಕೈಲಿದೆ, ಯಾವುದಕ್ಕೆ ಸರ್ಕಾರಕ್ಕೆ ಎಷ್ಟು ಖರ್ಚು ಬೀಳುತ್ತದೆ, ಇಷ್ಟನ್ನು ವಿಂಗಡಿಸಿ ಒಂದು ಮನವಿ ಮಾಡಿ ಮುಖ್ಯಮಂತ್ರಿಗಳ ಬಜೆಟ್ ಪೂರ್ವ ಸಭೆಗೆ ಒಯ್ಯುತ್ತಾರೆ. ಬಜೆಟ್ ಆದ ಮೇಲೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಪತ್ರಿಕೆಗೆ ಹೇಳುತ್ತಾರೆ. ಸಿಗದಿದ್ದದ್ದು ಮುಂದಿನ ವರ್ಷದ ಕಾಗದದಲ್ಲಿ ಮತ್ತೆ ಬರುತ್ತದೆ. ಮುಖ್ಯಮಂತ್ರಿ ಯಾವ ಪಕ್ಷದವರಾದರೂ ಹೋಗುವವರು ಇವರೇ, ಕಾಗದ ಅದೇ. ನಮ್ಮಲ್ಲಿ ಸರ್ಕಾರ ಬದಲಾದರೆ ಮನವಿ ಕೊಡುವವರೇ ಬದಲಾಗಿಬಿಡುತ್ತಾರೆ, ಹಳೇ ಕಾಗದ ಬೀರು ಮೇಲಿನ ಪೆಟ್ಟಿಗೆ ಸೇರುತ್ತದೆ.

ಅವರಲ್ಲೂ ಎಲ್ಲ ಒಂದೇ ತಾಳ ಅಂತ ತಿಳಿಯಬೇಡಿ. 2023ರ ಮೇ 12ರಂದು ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿತಲ್ಲ, ಅದೂ ಏಪ್ರಿಲ್‌ನಿಂದ ಅನ್ವಯ ಅಂತ. ನಮ್ಮ ಕೂಲರಿನ ಬಿಲ್ಲು ನೋಡಿ ಆವತ್ತಿನ ಆಡಳಿತ ಮಂಡಳಿ ಸಭೆಯಲ್ಲಿ ಚಹಾ ಯಾರಿಗೂ ಇಳಿಯಲಿಲ್ಲ. ಆ ಜೂನ್ 22ರಂದು ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಒಂದು ದಿನದ ಬಂದ್‌ಗೆ ಕರೆ ಕೊಟ್ಟಿತು. 1928ರ ಸಂಸ್ಥೆ ಅದು. ಹಲವು ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು ಕೈಜೋಡಿಸಿದವು, ಕಾರ್ಖಾನೆ, ಅಂಗಡಿ ಬಾಗಿಲು ಹಾಕಿದವು. ದರ ಆವತ್ತು ಇಳಿಯಲಿಲ್ಲ. ದರ ನಿಗದಿ ಮಾಡಿದ್ದು ಆಯೋಗ ಅಂತ ಸರ್ಕಾರ ಹೇಳಿತು. 2024ರ ಆರಂಭದಲ್ಲಿ ಹೊರಟ ಆದೇಶದಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಯ ಹಲವು ವರ್ಗಗಳಿಗೆ ದರ ಇಳಿಯಿತು. ಬಂದ್ ಒಂದರಿಂದಲೇ ಇಳಿಯಿತು ಅನ್ನುವ ಧೈರ್ಯ ನಮಗಿಲ್ಲ. ಒಂದು ಮಾತ್ರ ಹೇಳಬಹುದು, ಬಂದ್ ಮಾಡಿದವರು ಮಾರನೇ ದಿನ ಸುಮ್ಮನೆ ಮನೆಗೆ ಹೋಗಲಿಲ್ಲ.

ಇಲ್ಲಿ ನಮಗೆ ಗೊತ್ತಿಲ್ಲದ ಒಂದು ಬಾಗಿಲಿದೆ. ತಾಯಂದಿರು ಸ್ವಲ್ಪ ಗಮನ ಕೊಡಬೇಕು, ಯಾಕೆಂದರೆ ಕರೆಂಟು ಹೋಗಿ ಹಾಲು ಒಡೆದರೆ ಮೊದಲು ಬೈಗುಳ ತಿನ್ನುವವರು ನೀವು. ಕರೆಂಟಿನ ದರವನ್ನು ಮಂತ್ರಿ ಒಬ್ಬರೇ ಕೂತು ತೀರ್ಮಾನ ಮಾಡುವುದಿಲ್ಲ. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ನಿಗಮ ಆಯೋಗಕ್ಕೆ ಅರ್ಜಿ ಹಾಕಬೇಕು, ಅದರ ಸಾರಾಂಶವನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಆಕ್ಷೇಪಣೆ ಇದ್ದವರು ಗೊತ್ತಾದ ದಿನದೊಳಗೆ ಬರೆದು ಕೊಡಬಹುದು, ಆಮೇಲೆ ಬಹಿರಂಗ ವಿಚಾರಣೆ ನಡೆಯುತ್ತದೆ. ಅಲ್ಲಿ ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದು. ವಕೀಲರೇ ಬೇಕಂತಿಲ್ಲ, ಇಂಗ್ಲಿಷೂ ಬೇಕಾಗಿಲ್ಲ. ಆಯೋಗ ಕೊಡುವ ಆದೇಶದಲ್ಲಿ ಯಾರು ಯಾರು ಏನು ಆಕ್ಷೇಪಿಸಿದರು, ಕಂಪನಿ ಏನು ಉತ್ತರ ಕೊಟ್ಟಿತು, ಆಯೋಗದ ಅಭಿಪ್ರಾಯ ಏನು ಅಂತ ಅಚ್ಚು ಹಾಕುತ್ತಾರೆ. ನಮ್ಮ ರಟ್ಟಿನ ಪೆಟ್ಟಿಗೆಯ ಯಾವ ಮನವಿಗೂ ಸಿಗದ ಮರ್ಯಾದೆ ಅದು. ಕೈಗಾರಿಕೆಯವರು ಪ್ರತಿ ವಿಚಾರಣೆಗೂ ಹೋಗುತ್ತಾರೆ, ಲೆಕ್ಕದ ಹಾಳೆ ಹಿಡ್ಕೊಂಡು. ನಾವು ಒಂದಕ್ಕೂ ಹೋಗಿರಲಿಲ್ಲ. ಬಿಲ್ಲು ಬಂದ ಮೇಲೆ ಮೀಟರ್ ಓದುವ ಹುಡುಗನನ್ನು ಬೈದದ್ದಷ್ಟೇ ನಮ್ಮ ಹೋರಾಟ. ಪಾಪ, ಅವನೇನು ಮಾಡಿಯಾನು!

2025ರ ಮಾರ್ಚ್‌ನಲ್ಲಿ ಆಯೋಗ ಮೂರು ವರ್ಷಕ್ಕೆ ಒಟ್ಟಿಗೇ ದರ ನಿಗದಿ ಮಾಡಿದೆ, 2028ರ ಮಾರ್ಚ್‌ವರೆಗೆ. ಅಂದರೆ ನಮಗೆ ಸಿದ್ಧವಾಗಲು ಟೈಮಿದೆ. ಹಳ್ಳಿಯ ಹಾಲಿನ ಕೂಲರನ್ನು ಪೇಟೆಯ ಐಸ್‌ಕ್ರೀಂ ಅಂಗಡಿಯ ಲೆಕ್ಕಕ್ಕೆ ನೋಡಬೇಕೋ, ರೈತನ ಕಣದ ಲೆಕ್ಕಕ್ಕೆ ನೋಡಬೇಕೋ? ಇದು ಕೇಳಬೇಕಾದ ಪ್ರಶ್ನೆ. ನಮ್ಮ ಒಂದು ಸಂಘ ಕೇಳಿದರೆ ಅದು ನಮ್ಮ ಗೋಳು. ನಾಲ್ಕು ತಾಲ್ಲೂಕಿನ ಕೂಲರುಗಳ ಬಿಲ್ಲು ಒಟ್ಟಿಗೆ ಇಟ್ಟು ಕೇಳಿದರೆ ಅದು ಲೆಕ್ಕ.

ನಾಲ್ಕು ತಾಲ್ಲೂಕು ಅಂತ ಯಾಕೆ ಅನ್ನುತ್ತೀರಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸರ್ಕಾರದ ಲೆಕ್ಕದಲ್ಲಿ ಈಗಾಗಲೇ ಒಂದು ಮನೆ. ನಾಲ್ಕೂ ಸೇರಿ ಪಾಂಡವಪುರ ಉಪವಿಭಾಗ, ಒಬ್ಬರೇ ಉಪವಿಭಾಗಾಧಿಕಾರಿ. ಸರ್ಕಾರ ನಮ್ಮನ್ನು ಒಟ್ಟು ಮಾಡಿ ಇಟ್ಟಿದೆ, ನಾವೇ ಒಟ್ಟಾಗಿಲ್ಲ. ನಾಲ್ಕು ಜನ ಶಾಸಕರು, ಒಬ್ಬರೇ ಸಂಸದರು. ನಾಲ್ಕೂ ಕಡೆಯ ಹಾಲು ಹೋಗುವುದು ಗೆಜ್ಜಲಗೆರೆಗೇ. ಒಂದು ಕಾಗದಕ್ಕೆ ನಾಲ್ವರು ಶಾಸಕರ ಬೆಂಬಲ ಕೇಳಬಹುದಾದಷ್ಟು ದೊಡ್ಡದು, ಒಂದು ದಿನದಲ್ಲಿ ಬೈಕಿನಲ್ಲಿ ಸುತ್ತಿ ಸಹಿ ತರಬಹುದಾದಷ್ಟು ಚಿಕ್ಕದು.

ಆದರೆ ಭೇದ ಇದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಶ್ರೀರಂಗಪಟ್ಟಣದವರಿಗೂ ಪಾಂಡವಪುರದವರಿಗೂ ನಾಲೆ ನೀರು ಕಾಲ ಬುಡದಲ್ಲಿ. ನಾಗಮಂಗಲದವರು ಹೇಮಾವತಿ ನಾಲೆಯ ದಾರಿ ಕಾಯುವವರು. ಕೆ.ಆರ್. ಪೇಟೆಯಲ್ಲಿ ಒಂದು ಹೋಬಳಿ ಹಸಿರು, ಇನ್ನೊಂದು ಹೋಬಳಿ ಆಕಾಶ ನೋಡುತ್ತದೆ. ಈ ಒಕ್ಕೂಟದ ಮೊದಲ ಸಭೆಯಲ್ಲಿ ಯಾರಾದರೂ ನೀರಿನ ಮಾತೆತ್ತಿದರೆ ಎರಡನೇ ಸಭೆ ನಡೆಯುವುದಿಲ್ಲ, ಬರೆದಿಟ್ಟುಕೊಳ್ಳಿ. ನೀರು ಸಣ್ಣ ವಿಷಯ ಅಂತಲ್ಲ. ಅದಕ್ಕೇ ಬೇರೆ ವೇದಿಕೆಗಳಿವೆ. ದಿವಂಗತ ಜಿ. ಮಾದೇಗೌಡರು ಮುಂದಾಳಾಗಿದ್ದ ಹಿತರಕ್ಷಣಾ ಸಮಿತಿಯ ಹೋರಾಟ ನಮಗೆಲ್ಲ ಗೊತ್ತು. ಅಲ್ಲಿ ಅದನ್ನು ಮಾತಾಡೋಣ. ಈ ಕಾಗದದಲ್ಲಿ ಬೇಡ. ಒಂದು ಒಕ್ಕೂಟ ಏನನ್ನು ಕೇಳುತ್ತದೆ ಅನ್ನುವಷ್ಟೇ ಮುಖ್ಯ, ಏನನ್ನು ಪಕ್ಕಕ್ಕಿಡುತ್ತದೆ ಅನ್ನುವುದು.

ಇನ್ನೊಂದು ಆಕ್ಷೇಪಣೆಯನ್ನು ನಮ್ಮ ಹಿರಿಯ ಸದಸ್ಯರೊಬ್ಬರು ಹೋದ ತಿಂಗಳ ಸಭೆಯಲ್ಲೇ ಎತ್ತಿದರು. "ಬೆಲ್ಲದ ಮಂಡಿಯವನ ಜೊತೆ, ರೈಸ್‌ಮಿಲ್ಲಿನವನ ಜೊತೆ ನಾವ್ಯಾಕ್ರಪ್ಪಾ ಕೂರಬೇಕು? ತೂಕದಲ್ಲಿ ನನ್ ಹೊಟ್ಟೆ ಮೇಲೆ ಹೊಡೆದವನು ಅರ್ಜಿ ಬರೆಯೋವಾಗ ಅಣ್ಣ ಆಗ್ಬುಡ್ತಾನಾ?" ಅಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಇದಕ್ಕೆ ನಾವು ಸುಲಭದ ಉತ್ತರ ಕೊಡಲಾರೆವು. ಅವರು ಹೇಳಿದ್ದು ನಿಜ. ಮಂಡಿಯಲ್ಲಿ ನಾವೂ ಅವರೂ ಎದುರು ಬದುರು. ನಾಳೆಯೂ ಎದುರು ಬದುರೇ. ಬೆಳೆದವನಿಗೆ ದರ ಹೆಚ್ಚಿರಬೇಕು, ಕೊಳ್ಳುವವನಿಗೆ ಕಡಿಮೆ ಇರಬೇಕು, ಅದನ್ನು ಯಾವ ಒಕ್ಕೂಟವೂ ಅಳಿಸುವುದಿಲ್ಲ. ಆದರೆ ಕರೆಂಟಿನ ದರ, ಜಿಎಸ್‌ಟಿ, ಗುಂಡಿ ಬಿದ್ದ ರಸ್ತೆ ಇವು ಇಬ್ಬರ ಜೇಬಿಗೂ ಕೈ ಹಾಕುತ್ತವೆ. ಅಷ್ಟು ವಿಷಯಕ್ಕೆ ಅಷ್ಟು ಹೊತ್ತು ಕೂರೋಣ. ಎದ್ದ ಮೇಲೆ ತೂಕದ ಜಗಳ ಇದ್ದೇ ಇದೆ.

ಯೂರೋಪಿನಲ್ಲಿ ಇದಕ್ಕೊಂದು ಉದಾಹರಣೆ ಇದೆ. 1958ರಲ್ಲಿ ಅಲ್ಲಿನ ರೈತ ಸಂಘಟನೆಗಳು ಸೇರಿ ಕೋಪಾ ಅಂತ ಒಂದು ಒಕ್ಕೂಟ ಮಾಡಿಕೊಂಡವು. ಮರುವರ್ಷ ಕೃಷಿ ಸಹಕಾರ ಸಂಘಗಳು ಸೇರಿ ಕೊಜೆಕಾ ಅಂತ ಇನ್ನೊಂದು ಮಾಡಿಕೊಂಡವು. ರೈತರದೇ ಬೇರೆ, ಮಾರಾಟ ಮಾಡುವ ಸಹಕಾರಿಗಳದೇ ಬೇರೆ. ಆದರೆ ಕಾಗದ ಪತ್ರ ನೋಡಿಕೊಳ್ಳಲು ಬ್ರಸೆಲ್ಸ್ ನಗರದಲ್ಲಿ ಇಬ್ಬರಿಗೂ ಒಂದೇ ಕಚೇರಿ. ಬೇರೆ ಬೇರೆ ಒಲೆ, ಒಂದೇ ಹೊಗೆಗೂಡು.

ಅಷ್ಟು ದೂರ ಬೇಡ ಅಂದರೆ ನಮ್ಮದೇ ಹಾಲಿನ ಕಥೆ ಇದೆ. 2019ರಲ್ಲಿ ಆರ್‌ಸಿಇಪಿ ಅನ್ನುವ ಒಪ್ಪಂದದ ಮಾತು ನಡೆಯುತ್ತಿತ್ತು. ಹದಿನಾರು ದೇಶಗಳ ನಡುವೆ ಸುಂಕ ಇಳಿಸಿ ಸರಕು ಓಡಾಡಿಸುವ ಒಪ್ಪಂದ. ಅದರಲ್ಲಿ ನ್ಯೂಜಿಲೆಂಡ್ ಇತ್ತು. ಆ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತಲೂ ಕಡಿಮೆ, ಅವರ ಹಾಲಿನ ಬಹುಪಾಲು ಪುಡಿಯಾಗಿ, ಬೆಣ್ಣೆಯಾಗಿ ಹೊರದೇಶಕ್ಕೇ ಹೋಗಬೇಕು. ಆ ಪುಡಿ ಸುಂಕವಿಲ್ಲದೆ ಇಲ್ಲಿ ಇಳಿದರೆ ನಮ್ಮ ಲೀಟರಿಗೆ ಏನು ಬೆಲೆ? ತಮಾಷೆ ಅಂದರೆ ಅಲ್ಲಿನ ದೊಡ್ಡ ಡೈರಿ ಫಾಂಟೆರಾ, 2001ರಲ್ಲಿ ಆದದ್ದು, ಅದೂ ನಮ್ಮಂತೆ ರೈತರೇ ಒಡೆಯರಾದ ಸಹಕಾರ ಸಂಸ್ಥೆ. ಎದುರಾಳಿಯೂ ಸಹಕಾರಿಯೇ! ನಮ್ಮ ದೇಶದ ಉದ್ಯಮಿಗಳಲ್ಲೂ ಒಮ್ಮತ ಇರಲಿಲ್ಲ. ದೊಡ್ಡ ಉದ್ಯಮಗಳ ಸಂಘಟನೆಯಾದ ಸಿಐಐ ಸೇರುವುದೇ ಒಳ್ಳೆಯದು ಅಂದಿತು. ಉಕ್ಕಿನವರು, ಬಟ್ಟೆಯವರು ಬೇಡ ಅಂದರು. ಹಾಲಿನವರು ಗುಜರಾತಿನಿಂದ ಕರ್ನಾಟಕದವರೆಗೆ ಬೇಡವೇ ಬೇಡ ಅಂದರು. ರೈತಸಂಘದಂಥ ಸಂಘಟನೆಗಳು ಬೀದಿಗಿಳಿದವು. ಡೈರಿಯವರು ಅಂಕಿ-ಅಂಶ ಹಿಡಿದು ದೆಹಲಿಯ ಕಚೇರಿಗಳಿಗೆ ಹೋದರು. ಬೀದಿಯವರಿಗೂ ಕಚೇರಿಗೆ ಹೋದವರಿಗೂ ಕೇಳುವುದು ಒಂದೇ ಇತ್ತು, ಡೈರಿಯನ್ನು ಮುಟ್ಟಬೇಡಿ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಈ ಒಪ್ಪಂದಕ್ಕೆ ಸೇರುವುದಿಲ್ಲ ಅಂತ ಪ್ರಧಾನಿ ಹೇಳಿದರು. ಮರುವರ್ಷ ಉಳಿದ ಹದಿನೈದು ದೇಶ ಸಹಿ ಹಾಕಿದವು. ಹಾಲು ಒಂದೇ ಕಾರಣ ಅಂತಲ್ಲ, ಚೀನಾದ ಸರಕಿನ ಭಯವೂ ದೊಡ್ಡದಿತ್ತು. ಆದರೂ ಅದರಲ್ಲಿ ನಮ್ಮ ಪಾಲು ಇತ್ತು.

ಹಾಗೇ ತುಪ್ಪದ ತೆರಿಗೆ. ಶೇಕಡ 12 ಇದ್ದದ್ದನ್ನು ಇಳಿಸಿ ಅಂತ ಡೈರಿಯವರು ವರ್ಷಗಟ್ಟಲೆ ಬರೆದದ್ದನ್ನೇ ಬರೆಯುತ್ತ ಬಂದರು. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಗೆ ಶೇಕಡ 5 ಆಯಿತು, ಪನ್ನೀರಿಗೆ ಪೂರ್ತಿ ಹೋಯಿತು. ಬರೆದದ್ದನ್ನೇ ಬರೆಯುವುದಕ್ಕೆ ಬೇಜಾರು ಪಡದವರು ಬೇಕು ಇಂಥ ಕೆಲಸಕ್ಕೆ.

ಮಂಡ್ಯದ ಮೈಷುಗರ್ ವಿಚಾರ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 1933ರ ಕಾರ್ಖಾನೆ ನಿಂತುಹೋಗಿ, ಖಾಸಗಿಗೆ ಕೊಡುವ ಮಾತು ಬಂದಾಗ 2021ರಲ್ಲಿ ರೈತ ಸಂಘಟನೆ, ಕನ್ನಡ ಸಂಘಟನೆ, ಬೇರೆ ಬೇರೆ ಪಕ್ಷದವರು ಒಂದೇ ಪೆಂಡಾಲಿನಲ್ಲಿ ಕೂತು ಒಂದೇ ಮಾತು ಹೇಳಿದರು, ಸರ್ಕಾರವೇ ನಡೆಸಲಿ. 2022ರಲ್ಲಿ ಸರ್ಕಾರವೇ ಕಬ್ಬು ಅರೆಸಿತು. ನಮ್ಮ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ 2020ರಲ್ಲಿ 40 ವರ್ಷದ ಗುತ್ತಿಗೆಗೆ ಹೋಯಿತು. ಅದು ಸರಿಯೋ ತಪ್ಪೋ ಅಂತ ನಮ್ಮೊಳಗೇ ಎರಡು ಅಭಿಪ್ರಾಯ ಇದೆ, ಗಾಣ ತಿರುಗಿದರೆ ಸಾಕು ಅನ್ನುವವರೂ ಇದ್ದಾರೆ. ಈ ವೇದಿಕೆಯಲ್ಲಿ ಅದನ್ನು ಕೆದಕುವುದಿಲ್ಲ.

ರಾಜಕೀಯದ ಮಾತು ಬಂದಾಗ ಒಂದು ಎಚ್ಚರಿಕೆ. ಸಂಘದ ದುಡ್ಡಲ್ಲಿ ಹಾರ, ಪೇಟ, ಫ್ಲೆಕ್ಸು ಬೇಡ. ಅದು ಹಾಲು ಹಾಕುವವರ ದುಡ್ಡು. ನಮ್ಮ ನಿರ್ದೇಶಕರಲ್ಲಿ ಮೂರು ಪಕ್ಷದವರಿದ್ದಾರೆ, ಇರಲಿ, ಚುನಾವಣೆಯಲ್ಲಿ ಅವರವರ ಬಾವುಟ ಅವರವರು ಹಿಡಿಯಲಿ. ಈ ಕಾಗದ ಹಿಡಿದು ಹೋಗುವಾಗ ಮಾತ್ರ ಟವೆಲ್ಲಿನ ಬಣ್ಣ ಕಾಣಬಾರದು. ಮತ್ತೆ, ಶಾಸಕರು ಬಂದಾಗ ಮಾತಾಡುವವರು ಇಬ್ಬರೇ ಇರಲಿ. ಇಪ್ಪತ್ತು ಜನ ಒಟ್ಟಿಗೆ ಮಾತಾಡಿದರೆ ಅವರು ಫೋಟೋ ತೆಗೆಸ್ಕೊಂಡು ಹೊರಟುಬಿಡುತ್ತಾರೆ. ಇಪ್ಪತ್ತೈದು ವರ್ಷದ ಅನುಭವದ ಮೇಲೆ ಹೇಳುತ್ತಿದ್ದೇವೆ.

ಕಡೆಯದಾಗಿ ನಡೆದಿರುವ ಕೆಲಸ ಹೇಳಿ ಮುಗಿಸುತ್ತೇವೆ. ನಾಲ್ಕು ತಾಲ್ಲೂಕಿನ ಕೆಲವು ಹಾಲಿನ ಸಂಘಗಳ ಕಾರ್ಯದರ್ಶಿಗಳ ಹತ್ತಿರ ಮಾತಾಡಿದ್ದೇವೆ. ಇಬ್ಬರು ಆಲೆಮನೆಯವರು ಬರುತ್ತೇವೆ ಅಂದಿದ್ದಾರೆ. ಒಬ್ಬ ಗಿರಣಿ ಮಾಲೀಕರು 'ನೋಡೋಣ' ಅಂದಿದ್ದಾರೆ, ಅಂದರೆ ಬರಬಹುದು. ನಾಗಮಂಗಲದ ಕಡೆಯವರು ನೀರಿನ ಮಾತಿಲ್ಲ ಅಂದ ಮೇಲೆ ಒಪ್ಪಿದರು, ಸ್ವಲ್ಪ ಬೇಜಾರಿನಿಂದಲೇ ಒಪ್ಪಿದರು. ಮೊದಲ ಅರ್ಜಿ ಒಂದೇ ವಿಷಯಕ್ಕೆ, ಕರೆಂಟಿಗೆ. ಕೂಲರು, ಗಿರಣಿ, ಆಲೆಮನೆ ಮೂರಕ್ಕೂ ಬೇಕಾದದ್ದು ಅದೇ. ಬರೆಯುವ ಕೆಲಸವನ್ನು ನಮ್ಮೂರಿನ ಬಿ.ಕಾಂ. ಓದಿದ ಹೆಣ್ಣುಮಗಳೊಬ್ಬಳಿಗೆ ಒಪ್ಪಿಸಿದ್ದೇವೆ. ಅವಳು ಮೊದಲ ದಿನವೇ, "ಗೋಳು ಬೇಡ, ಬಿಲ್ಲು ಕೊಡಿ" ಅಂದಳು.

ಆದ್ದರಿಂದ ಅರಿಕೆ ಇಷ್ಟೇ. ದೀಪಾವಳಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಸಂಘದ ಕಟ್ಟಡದಲ್ಲಿ ಸೇರುತ್ತೇವೆ. ಹೊರ ಊರಿನ ಸಂಘದವರು ಹಿಂದಿನ ಎರಡು ವರ್ಷದ ಕರೆಂಟು ಬಿಲ್ಲಿನ ಜೆರಾಕ್ಸ್ ತನ್ನಿ. ಬಿಲ್ಲಿನ ಮೇಲೆ ಆರ್‌ಆರ್ ನಂಬರು ಕಾಣುವ ಹಾಗಿರಲಿ, ಕರೆಂಟು ಹೋಗಿ ಹಾಲು ಕೆಟ್ಟ ದಿನಗಳನ್ನು ಯಾರಾದರೂ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಆ ಪುಸ್ತಕವನ್ನೂ ತನ್ನಿ. ಮಧ್ಯಾಹ್ನದ ಊಟ ಸಂಘದ್ದು.